ಬೀಗದ ಕೈ

ನಮ್ಮತ್ತೆಯ ಸೊಂಟದಲ್ಲಿ ಸದಾ ಬೀಗದ ಕೈಗಳ ಗೊಂಚಲೊಂದು ಇರುತ್ತಿತ್ತು. ಬರಗೂರಿನ ಮನೆಯ ಟ್ರಂಕು, ಕಾಳಿನ ಕೋಣೆ, ಹಿತ್ತಿಲ ಬಾಗಿಲು ಎಲ್ಲವೂ ಅದರಲ್ಲೇ. ಸ್ನಾನಕ್ಕೆ ಹೋಗುವಾಗಲೂ ಅದನ್ನು ಇನ್ನೊಬ್ಬರ ಕೈಗೆ ಕೊಟ್ಟವರಲ್ಲ. ಅಂಥವರ ಸೊಸೆಯಾದ ನಾನು 2022ರಲ್ಲಿ, ಮುಖ ನೋಡದ ಒಬ್ಬನಿಗಾಗಿ ನನ್ನ ಕೈಯಾರೆ ಬೀಗ ತೆಗೆದೆ. ಅದನ್ನು ಹೇಳುವ ಮೊದಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ನಮ್ಮ ದೇಶದಲ್ಲಿ ಜನಸಾಮಾನ್ಯರಿಗೆ ಇಂಟರ್‌ನೆಟ್ ತೆರೆದದ್ದು 1995ರ ಆಗಸ್ಟ್ 15ರಂದು. ನನ್ನ ಪಾಲಿಗೆ ಅದು ಬಂದದ್ದು ಕೆಲವು ವರ್ಷಗಳ ಮೇಲೆ, ಮಕ್ಕಳ ಎಸ್ಸೆಸ್ಸೆಲ್ಸಿ ಫಲಿತಾಂಶ ನೋಡಲು ತುಮಕೂರಿನ ಸೈಬರ್ ಕೆಫೆಗೆ ಹೋದಾಗ. ಅಲ್ಲಿನ ಹುಡುಗನೇ ನನಗೊಂದು ಇ-ಮೇಲ್ ಮಾಡಿಕೊಟ್ಟ. ಪಾಸ್‌ವರ್ಡ್ ನನ್ನ ಮಗಳ ಹೆಸರು. ಮರೆಯಬಾರದೆಂದು ಹಾಜರಿ ಪುಸ್ತಕದ ಹಿಂದಿನ ಪುಟದಲ್ಲಿ ಬರೆದಿಟ್ಟಿದ್ದೆ. ಇಡೀ ಸ್ಟಾಫ್ ರೂಮಿಗೆ ಗೊತ್ತಿದ್ದ ಗುಟ್ಟು ಅದು!

ಆ ಹೊತ್ತಿಗಾಗಲೇ ಲೋಕ ಒಮ್ಮೆ ಬೇಸ್ತು ಬಿದ್ದಿತ್ತು. 2000ದ ಮೇ 4ರಂದು ಫಿಲಿಪ್ಪೀನ್ಸಿನ ಮನಿಲಾದಿಂದ ಹೊರಟ 'ಐ ಲವ್ ಯು' ಎಂಬ ಪತ್ರವನ್ನು ಜನ ಆಸೆಯಿಂದ ತೆರೆದರು. ತೆರೆದೊಡನೆ ಅದು ಕಂಪ್ಯೂಟರಿನ ಫೈಲುಗಳನ್ನು ಹಾಳುಗೆಡವಿ, ವಿಳಾಸ ಪಟ್ಟಿಯಲ್ಲಿದ್ದವರಿಗೆಲ್ಲ ಅವರದೇ ಹೆಸರಿನಲ್ಲಿ ಹೋಗುತ್ತಿತ್ತು. ಪರಿಚಿತರ ಹೆಸರು ನೋಡಿದ ಮೇಲೆ ಅನುಮಾನ ಪಡುವವರಾರು? ಬ್ರಿಟನ್ನಿನ ಸಂಸತ್ತೇ ತನ್ನ ಇ-ಮೇಲ್ ನಿಲ್ಲಿಸಬೇಕಾಯಿತು. ಅದನ್ನು ಬರೆದವನು ಒಬ್ಬ ವಿದ್ಯಾರ್ಥಿ. ಇಂಟರ್‌ನೆಟ್ಟಿಗೆ ಕಟ್ಟಲು ದುಡ್ಡಿಲ್ಲದೆ ಬೇರೆಯವರ ಪಾಸ್‌ವರ್ಡ್ ಕದಿಯಲು ಹೊರಟಿದ್ದನಂತೆ. ಅವನ ದೇಶದಲ್ಲಿ ಆಗ ತಕ್ಕ ಕಾನೂನಿಲ್ಲದೆ ಶಿಕ್ಷೆಯೂ ಆಗಲಿಲ್ಲ. ನಮ್ಮಲ್ಲಿ ಅದೇ ವರ್ಷ ಅಕ್ಟೋಬರ್ 17ರಂದು ಮಾಹಿತಿ ತಂತ್ರಜ್ಞಾನ ಕಾಯ್ದೆ ಜಾರಿಗೆ ಬಂತು. ಮರುವರ್ಷ ದೇಶದ ಮೊದಲ ಸೈಬರ್ ಅಪರಾಧ ಪೊಲೀಸ್ ಠಾಣೆ ಬೆಂಗಳೂರಿನಲ್ಲೇ ಆಯಿತು.

ಈಗ ಬೀಗಗಳಿಗೇನೂ ಕಡಿಮೆಯಿಲ್ಲ. ಪಾಸ್‌ವರ್ಡು, ಓಟಿಪಿ, ಪಿನ್ನು. ಸಾಲದ್ದಕ್ಕೆ ನಾನು ಯಂತ್ರವಲ್ಲ, ಮನುಷ್ಯಳೆಂದು ರುಜುವಾತು ಮಾಡಲು ಚಿತ್ರಗಳಲ್ಲಿ ಟ್ರಾಫಿಕ್ ದೀಪ ಹುಡುಕಬೇಕು. ಬರಗೂರಿನಲ್ಲಿ ಟ್ರಾಫಿಕ್ ದೀಪ ಎಲ್ಲಿಂದ ತರಲಿ?

ಹಳೆಯ ಹೊಲಿಗೆ ಯಂತ್ರವನ್ನು ಮಾರಲು ಮೊಬೈಲಿನಲ್ಲಿ ಹಾಕಿದ್ದೆ. ಒಬ್ಬ ಚೌಕಾಸಿಯನ್ನೇ ಮಾಡದೆ ಒಪ್ಪಿದ. ಅಲ್ಲೇ ಎಚ್ಚರಾಗಬೇಕಿತ್ತು. "ಅಮ್ಮಾ, ಕೋಡ್ ಕಳಿಸಿದೀನಿ, ಸ್ಕ್ಯಾನ್ ಮಾಡಿ ಪಿನ್ ಒತ್ತಿ, ದುಡ್ಡು ಬರುತ್ತೆ" ಅಂದ. ಒತ್ತಿದೆ. ಎಂಟು ಸಾವಿರ ಹೋಯಿತು. ಯುಪಿಐನಲ್ಲಿ ದುಡ್ಡು ಕೊಡುವುದಕ್ಕೆ ಪಿನ್ ಬೇಕೇ ಹೊರತು ಪಡೆಯುವುದಕ್ಕಲ್ಲ ಎಂಬುದು ಎಂಟು ಸಾವಿರಕ್ಕೆ ನಾನು ಕಲಿತ ಪಾಠ.

ದುಡ್ಡಿಗಿಂತ ಹೆಚ್ಚು ಸುಟ್ಟದ್ದು ನಾಚಿಕೆ. ಬಿ.ಎ., ಬಿ.ಇಡಿ. ಓದಿ ಮಕ್ಕಳಿಗೆ ಬುದ್ಧಿ ಹೇಳುವವಳು ಹೀಗೆ ಮಾಡಿಕೊಂಡೆ ಎಂದು ಯಾರಿಗೆ ಹೇಳುವುದು? ನಾಲ್ಕು ದಿನ ಬಾಯಿ ಬಿಡಲಿಲ್ಲ. ಕೊನೆಗೆ ಬ್ಯಾಂಕಿಗೆ ಹೋದಾಗ, "ಆಗಲೇ 1930ಕ್ಕೆ ಫೋನ್ ಮಾಡಿದ್ದರೆ ದುಡ್ಡನ್ನು ತಡೆಹಿಡಿಯುವ ಸಾಧ್ಯತೆ ಇತ್ತು ಮೇಡಂ, ಇಷ್ಟು ಹೊತ್ತಿಗೆ ಅದು ಎಷ್ಟು ಖಾತೆ ದಾಟಿದೆಯೋ" ಎಂದರು. ಕಳ್ಳನಿಗೆ ಆ ನಾಲ್ಕು ದಿನವನ್ನು ಕೊಟ್ಟವಳೂ ನಾನೇ.

ಮಾರನೆಯ ದಿನ ಸ್ಟಾಫ್ ರೂಮಿನಲ್ಲಿ ಗಟ್ಟಿಯಾಗಿಯೇ ಹೇಳಿಬಿಟ್ಟೆ. ಒಂದಿಬ್ಬರು ನಕ್ಕರು. ಗಂಟೆ ಹೊಡೆದು ಎಲ್ಲರೂ ತರಗತಿಗೆ ಹೋದ ಮೇಲೆ ಒಬ್ಬ ಸಹೋದ್ಯೋಗಿ ಮಾತ್ರ ಉಳಿದರು. ಬಾಗಿಲು ಮುಂದೆ ಮಾಡಿ ಬಂದು, "ನಂದು ಹನ್ನೆರಡು ಸಾವಿರ ಮೇಡಂ. ನಿನ್ನೆ ಸಾಯಂಕಾಲ. ಮನೇಲಿ ಹೇಳಿಲ್ಲ" ಎಂದರು. ನಾನು ಮೊಬೈಲ್ ತೆಗೆದು 1930 ಒತ್ತಿ ಅವರ ಕೈಗೆ ಕೊಟ್ಟೆ.