ಸುಟ್ಟ ಕಾಗದ, ಕೇಳುವ ಕಾಗದ

1951ರ ಜುಲೈನಲ್ಲಿ ನಿರಾಶ್ರಿತರ ಒಪ್ಪಂದಕ್ಕೆ ಕೊನೆಯ ರೂಪ ಕೊಡಲು ಜಿನೀವಾದಲ್ಲಿ ಸಭೆ ಸೇರಿತ್ತು. ನಿರಾಶ್ರಿತರಲ್ಲಿ ಭೇದ ಮಾಡಬಾರದೆನ್ನುವ ವಿಧಿಗೆ ‘ಲಿಂಗ’ ಎಂಬ ಪದವನ್ನೂ ಸೇರಿಸೋಣ ಎಂದರು ಯುಗೋಸ್ಲಾವಿಯದ ಪ್ರತಿನಿಧಿ. ಅದು ಆಯಾ ದೇಶದ ಕಾನೂನಿಗೆ ಬಿಟ್ಟದ್ದು ಎಂದು ಉಳಿದವರು ತಳ್ಳಿಹಾಕಿದರು. ಹೆಣ್ಣೆಂಬ ಕಾರಣಕ್ಕೇ ಯಾರಾದರೂ ಕಿರುಕುಳ ಅನುಭವಿಸುತ್ತಾರೆಯೇ ಎಂದು ವಿಶ್ವಸಂಸ್ಥೆಯ ನಿರಾಶ್ರಿತರ ಹೈಕಮಿಷನರ್ ಅವರೇ ಅನುಮಾನಪಟ್ಟರು.

ಕೊನೆಗೆ ನಿರಾಶ್ರಿತರೆನಿಸಿಕೊಳ್ಳಲು ಐದು ಕಾರಣಗಳು ಉಳಿದವು: ಜನಾಂಗ, ಧರ್ಮ, ರಾಷ್ಟ್ರೀಯತೆ, ನಿರ್ದಿಷ್ಟ ಸಾಮಾಜಿಕ ಗುಂಪು, ರಾಜಕೀಯ ಅಭಿಪ್ರಾಯ. ಧಾರವಾಡದಲ್ಲಿ ಕಾನೂನು ಓದಿದ ನನಗೆ ಇವು ಬಾಯಿಪಾಠ. ಮುಂದೆ ದಿಲ್ಲಿಯ ಭೋಗಲ್‌ನಲ್ಲಿ ಅಫ್ಘನ್ ಹೆಣ್ಣುಮಕ್ಕಳಿಗೆ ಅರ್ಜಿ ಬರೆದುಕೊಡುವಾಗ ಒಬ್ಬೊಬ್ಬರ ಬದುಕನ್ನೂ ಈ ಐದರಲ್ಲಿ ಯಾವುದಾದರೂ ಒಂದಕ್ಕೆ ಹೊಂದಿಸಬೇಕಾಗುತ್ತಿತ್ತು. ಆ ಒಪ್ಪಂದಕ್ಕೆ ಭಾರತ ಸಹಿ ಹಾಕಿಲ್ಲ. ಹೀಗಾಗಿ ದಿಲ್ಲಿಯಲ್ಲಿ ಅವರು ತಂಗಬಹುದು, ನೆಲೆಯೂರುವುದು ಕಷ್ಟ.

ಗಡಿ ದಾಟಿದರೆ ಜೀವ ಉಳಿಯಿತು ಎಂಬ ಲೆಕ್ಕ ಹೋರಾಟಗಾರ್ತಿಯರ ವಿಷಯದಲ್ಲಿ ಎಂದೋ ತಪ್ಪಿದೆ. ಕಾಬೂಲಿನ ಮೀನಾ 1977ರಲ್ಲಿ, ಇನ್ನೂ ಎಳೆಯ ವಯಸ್ಸಿನಲ್ಲೇ, ‘ರಾವಾ’ ಎಂಬ ಮಹಿಳಾ ಸಂಘಟನೆ ಕಟ್ಟಿದರು. 1981ರಲ್ಲಿ ‘ಪಯಾಮ್-ಎ-ಜನ್’ ಪತ್ರಿಕೆ ಶುರುಮಾಡಿದರು. ಸೋವಿಯತ್ ಸೇನೆಯನ್ನೂ ವಿರೋಧಿಸಿದರು, ಮುಜಾಹಿದೀನ್ ಮತಾಂಧರನ್ನೂ ಬಿಡಲಿಲ್ಲ. ಪಾಕಿಸ್ತಾನಕ್ಕೆ ಹೋದ ಮೇಲೆ ನಿರಾಶ್ರಿತರ ಮಕ್ಕಳಿಗೆ ಶಾಲೆ, ಹೆಂಗಸರಿಗೆ ಕೈಕಸುಬಿನ ಕೇಂದ್ರ ನಡೆಸಿದರು. 1987ರ ಫೆಬ್ರವರಿ 4ರಂದು ಕ್ವೆಟ್ಟಾದಲ್ಲಿ ಅವರ ಕೊಲೆಯಾಯಿತು. ಅವರು ದಾಟಿದ ಗಡಿಯನ್ನೇ ಕೊಲೆಗಾರರೂ ದಾಟಬಲ್ಲವರಾಗಿದ್ದರು. ಇಂಥವರಿಗೆ ಬೇಕಾದದ್ದು ಮೂರನೆಯ ದೇಶ.

ಆ ದಾರಿ ತೆರೆದದ್ದು ತಡವಾಗಿ, ಅದೂ ಅರೆಬಾಗಿಲು. 1988ರಲ್ಲಿ ಕೆನಡಾ, ಮರುವರ್ಷ ಆಸ್ಟ್ರೇಲಿಯಾ ‘ಅಪಾಯದಲ್ಲಿರುವ ಮಹಿಳೆ’ಯರಿಗೆಂದೇ ಪ್ರತ್ಯೇಕ ಯೋಜನೆ ತಂದವು. ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆಯ ಪುನರ್ವಸತಿ ಪಟ್ಟಿಯಲ್ಲೂ ಅಂಥ ಒಂದು ವರ್ಗವಿದೆ. ಒಳ್ಳೆಯದೇ. ಆದರೆ ಆ ವರ್ಗ ಮೊದಲು ಗುರುತಿಸುವುದು ಗಂಡಸಿನ ಆಸರೆಯಿಲ್ಲದ ವಿಧವೆಯನ್ನು, ಒಂಟಿ ತಾಯಿಯನ್ನು. ಗಂಡನಿದ್ದೂ, ಭಾಷಣ ಮಾಡಿದ್ದಕ್ಕೆ ಬೆದರಿಕೆ ಬಂದವಳು ಅದರೊಳಗೆ ಸಲೀಸಾಗಿ ಕೂರುವುದಿಲ್ಲ. ಅಬಲೆಗೆ ಇದ್ದ ಖಾನೆ ಗಟ್ಟಿಗಿತ್ತಿಗೆ ಇರಲಿಲ್ಲ ಎಂದು ನನಗೆ ಅನಿಸುತ್ತಿತ್ತು. ಖಾನೆ ಯಾವುದೇ ಇರಲಿ, ಜಗತ್ತಿನ ನಿರಾಶ್ರಿತರಲ್ಲಿ ಹೀಗೆ ಮೂರನೆಯ ದೇಶ ಸೇರುವವರು ವರ್ಷಕ್ಕೆ ನೂರಕ್ಕೆ ಒಬ್ಬರೂ ಇಲ್ಲ.

ಕಷ್ಟವೆಲ್ಲ ಕಾಗದದ್ದು. ಅಫ್ಘನ್ ಗುರುತಿನ ಚೀಟಿಗೆ ತಜ್ಕಿರಾ ಎನ್ನುತ್ತಾರೆ. 2020ರ ಸೆಪ್ಟೆಂಬರ್‌ವರೆಗೆ ಅದರಲ್ಲಿ ತಂದೆಯ ಹೆಸರಿತ್ತು, ತಾಯಿಯದು ಇರಲಿಲ್ಲ. ಲಾಲೆ ಉಸ್ಮಾನಿ ಮತ್ತು ಸಂಗಡಿಗರು ‘ನನ್ನ ಹೆಸರೆಲ್ಲಿ’ ಎಂದು ವರ್ಷಗಟ್ಟಲೆ ಕೇಳಿದ ಮೇಲೆ ಕಾನೂನು ತಿದ್ದುಪಡಿಯಾಯಿತು. ಅದಕ್ಕೂ ಹಿಂದಿನ ಚೀಟಿ ಹಿಡಿದು ಬಂದ ತಾಯಿ, ಪಕ್ಕದಲ್ಲಿ ಕೂತ ಮಗು ತನ್ನದೇ ಎಂದು ಬೇರೆ ದಾಖಲೆಯಿಂದ ತೋರಿಸಬೇಕು. ಇನ್ನು ತಾರೀಖು. ಅವರದು ಸೌರ ಪಂಚಾಂಗ. ಹಮಲ್ ಎಂದರೆ ಮೇಷ, ಅಸದ್ ಎಂದರೆ ಸಿಂಹ. ಕಾಬೂಲ್ ತಾಲಿಬಾನಿಗಳ ಕೈಗೆ ಬಿದ್ದ 2021ರ ಆಗಸ್ಟ್ 15 ಅವರ ಲೆಕ್ಕದಲ್ಲಿ 1400ರ ಅಸದ್ 24. ಹುಟ್ಟಿದ ವರ್ಷವಷ್ಟೇ ಗೊತ್ತಿದ್ದವರಿಗೆಲ್ಲ ಜನವರಿ 1 ಎಂದು ಬರೆಯುವುದು ರೂಢಿ. ಬೆದರಿಕೆ ಪತ್ರ ಬಂದ ದಿನವನ್ನು ಸಂದರ್ಶನದಲ್ಲಿ ಒಂದು ತಿಂಗಳು ಹಿಂದೆಮುಂದೆ ಹೇಳಿದರೆ ಕಡತದಲ್ಲಿ ‘ಹೇಳಿಕೆಯಲ್ಲಿ ವ್ಯತ್ಯಾಸ’ ಎಂಬ ಷರಾ. “ಖಾಲಾ, ಓದಿ ಹರಿದುಹಾಕಿದ ಪತ್ರ ಅದು. ತಾರೀಖು ಯಾರು ನೋಡ್ತಾರೆ?” ಎಂದು ಒಬ್ಬಳು ಕೇಳಿದ್ದಳು.

ಆ ಆಗಸ್ಟ್‌ನಲ್ಲಿ ಕಾಬೂಲಿನ ಮನೆಮನೆಗಳಲ್ಲಿ ಹೆಂಗಸರು ಪದವಿಪತ್ರ, ನೌಕರಿಯ ಆದೇಶ, ಬಹುಮಾನದ ಫಲಕ ಸುಟ್ಟರು. ಹುಡುಗಿಯರ ವಸತಿಶಾಲೆ ‘ಸೋಲಾ’ ನಡೆಸುತ್ತಿದ್ದ ಶಬಾನಾ ಬಸೀಜ್-ರಾಸಿಖ್ ವಿದ್ಯಾರ್ಥಿನಿಯರ ದಾಖಲೆಗಳನ್ನೆಲ್ಲ ಒಲೆಗೆ ಹಾಕಿದರು. ಹಿಂದಿನ ತಾಲಿಬಾನ್ ಆಡಳಿತ ಹುಡುಗಿಯರ ಶಾಲಾ ದಾಖಲೆಗಳನ್ನು ಸುಟ್ಟಿದ್ದರಿಂದ, ಅದು ಹೋದ ಮೇಲೆ 2002ರ ಮಾರ್ಚ್‌ನಲ್ಲಿ ಯಾರನ್ನು ಎಷ್ಟನೇ ತರಗತಿಗೆ ಸೇರಿಸಬೇಕೆಂದು ಪರೀಕ್ಷೆಯಿಟ್ಟು ನೋಡಬೇಕಾಯಿತು. ಆಗ ಪರೀಕ್ಷೆಗೆ ಕೂತ ಹುಡುಗಿಯರಲ್ಲಿ ಶಬಾನಾ ಒಬ್ಬರು. ಈ ಸಲ ಬೆಂಕಿ ಹಚ್ಚಿದ್ದು ಹುಡುಗಿಯರ ಹೆಸರು ತಾಲಿಬಾನಿಗಳ ಕೈಗೆ ಸಿಗದಿರಲೆಂದು. ಶಾಲೆಗೆ ಶಾಲೆಯೇ, ಸುಮಾರು 250 ಜನ, ರ್‍ವಾಂಡಾಕ್ಕೆ ಹೋಯಿತು. ಸೆರೆಮನೆಗಳ ಬಾಗಿಲು ತೆರೆದದ್ದರಿಂದ, ತಾವೇ ಶಿಕ್ಷೆ ಕೊಟ್ಟವರಿಗೆ ಹೆದರಿ ನ್ಯಾಯಾಧೀಶೆಯರು ಅಡಗಿಕೊಂಡರು; ಸೆಪ್ಟೆಂಬರ್ ಕೊನೆಯಲ್ಲಿ ಅವರಲ್ಲಿ ಕೆಲವರು ಅಥೆನ್ಸ್ ತಲುಪಿದರು.

ಕಾಬೂಲ್ ಬೀಳುವ ತಿಂಗಳ ಹಿಂದಷ್ಟೇ ಕೆನಡಾ ಮಾನವಹಕ್ಕು ಹೋರಾಟಗಾರರಿಗಾಗಿ ಬೇರೆಯೇ ದಾರಿ ಮಾಡಿತ್ತು. ಆಗ ಅದರಲ್ಲಿ ಕುಟುಂಬದವರೂ ಸೇರಿ ವರ್ಷಕ್ಕೆ 250 ಮಂದಿಗೆ ಜಾಗವಿತ್ತು, ಅದೂ ಇಡೀ ಪ್ರಪಂಚಕ್ಕೆ. ಭಾರತದ ನಡೆಯೂ ಹೇಳಿಕೊಳ್ಳುವಂಥದ್ದಲ್ಲ. ಅಫ್ಘಾನಿಸ್ತಾನದ ಫರ್ಯಾಬ್ ಪ್ರಾಂತ್ಯದ ಸಂಸದೆ ರಂಗೀನಾ ಕಾರ್ಗರ್ ಆಗಸ್ಟ್ 20ರಂದು ದಿಲ್ಲಿಯಲ್ಲಿ ಇಳಿದರೆ, ವಿಮಾನನಿಲ್ದಾಣದಿಂದಲೇ ವಾಪಸ್ ಕಳಿಸಿ, ಆಮೇಲೆ ವಿಷಾದ ತಿಳಿಸಿದರು.

ಮಜಾರ್-ಎ-ಶರೀಫ್‌ನ ಅರ್ಥಶಾಸ್ತ್ರದ ಅಧ್ಯಾಪಕಿ ಫ್ರೋಜಾನ್ ಸಾಫಿಯ ಕಥೆಯನ್ನು ನಾನು ಅರ್ಜಿ ಬರೆಯಲು ಬರುವ ಪ್ರತಿ ಹೊಸಬರಿಗೂ ಹೇಳುತ್ತೇನೆ. ಜರ್ಮನಿಗೆ ಹೋಗುವ ಕನಸಿನಲ್ಲಿದ್ದವರು. 2021ರ ಅಕ್ಟೋಬರಿನಲ್ಲಿ ಗುರುತಿಲ್ಲದ ನಂಬರಿನಿಂದ ಕರೆ ಬಂತು: ನಿಮ್ಮ ಹೋರಾಟದ ಪುರಾವೆಗಳನ್ನು ತೆಗೆದುಕೊಂಡು ಸುರಕ್ಷಿತ ಮನೆಗೆ ಬನ್ನಿ. ಪದವಿಪತ್ರ ಮೊದಲಾದ ಕಾಗದಗಳನ್ನು ಚೀಲಕ್ಕೆ ತುಂಬಿ ಹೊರಟರು. ಗುಂಡೇಟಿನಿಂದ ಜರ್ಜರಿತವಾದ ಮುಖವನ್ನು ಗುರುತಿಸಲಾಗದೆ, ಬಟ್ಟೆ ನೋಡಿ ಮನೆಯವರು ಶವ ಪತ್ತೆ ಹಚ್ಚಿದರು. ಆ ಕರೆ ಅನುಮಾನ ಹುಟ್ಟಿಸದಿದ್ದದ್ದು ಸಹಜವೇ. ನಿಜವಾಗಿ ನೆರವಾಗುವವರು ಕೇಳುವುದೂ ಅವೇ ಕಾಗದಗಳನ್ನು. ಅದಕ್ಕೇ ನಾವು ಯಾರನ್ನೂ ಮೂಲಪ್ರತಿ ತರಲು ಕೇಳುತ್ತಿರಲಿಲ್ಲ. ಕರೆ ಮಾಡುವವರು ಯಾರು, ಎಷ್ಟು ಹೊತ್ತಿಗೆ ಮಾಡುತ್ತಾರೆ ಎಂದು ಪರಿಚಯದವರ ಮೂಲಕ ಮೊದಲೇ ತಿಳಿಸುತ್ತಿದ್ದೆವು.

2024ರ ಅಕ್ಟೋಬರ್ 4ರಂದು ಯೂರೋಪಿಯನ್ ಒಕ್ಕೂಟದ ನ್ಯಾಯಾಲಯ, ಅಫ್ಘನ್ ಹೆಣ್ಣೆಂದರೆ ಸಾಕು, ಬೇರೆ ಅಪಾಯವನ್ನು ಒಬ್ಬೊಬ್ಬರಾಗಿ ಸಾಬೀತುಪಡಿಸಬೇಕಿಲ್ಲ ಎಂದು ತೀರ್ಪಿತ್ತಿತು. 1951ರಲ್ಲಿ ಬಿಟ್ಟುಹೋದದ್ದು ಬೇರೊಂದು ಬಾಗಿಲಿನಿಂದ ಒಳಬಂತು. ಆದರೆ ಇದರ ಫಲ ಯೂರೋಪಿನ ನೆಲ ಮುಟ್ಟಿದವಳಿಗೆ ಮಾತ್ರ. ಮನೆಯಿಂದ ಹೊರಡುವುದೇ ಕಷ್ಟ. 2021ರ ಡಿಸೆಂಬರಿನ ತಾಲಿಬಾನ್ ಆದೇಶದಂತೆ 72 ಕಿಲೋಮೀಟರಿಗಿಂತ ದೂರ ಹೋಗುವ ಹೆಂಗಸಿನ ಜೊತೆ ಹತ್ತಿರದ ಗಂಡಸು ಸಂಬಂಧಿ ಇರಲೇಬೇಕು. ಗಂಡಸಿನ ಆಸರೆಯಿಲ್ಲದವಳಿಗೆಂದು ಪುನರ್ವಸತಿಯ ಖಾನೆಯಿದೆ. ಅದನ್ನು ತಲುಪಲು ಅವಳಿಗೆ ಗಂಡಸು ಬೇಕು. ಕಾಬೂಲಿನಿಂದ ಪಾಕಿಸ್ತಾನದ ಕಡೆಯ ತೋರ್ಖಮ್ ಗಡಿಗೆ ರಸ್ತೆಯಲ್ಲಿ 200 ಕಿಲೋಮೀಟರಿಗೂ ಹೆಚ್ಚು.