ಅಡುಗೆಮನೆಯಲ್ಲಿ ಹುಟ್ಟಿದ ಹುಳ: ಗಾಳದ ಎರೆಯ ಕಥೆ, 8 ಭಾಗಗಳಲ್ಲಿ

ಭಾಗ 1/8: ಯಾಕೆ ಈ ಸೀರೀಸ್

ಹೋದ ತಿಂಗಳು ಒಂದು ಫೋಟೋ ಹಾಕಿದ್ದೆ, ನೆನಪಿದೆಯಾ? ಅಂಗೈ ಮೇಲೆ ಆರು ಹಸಿರು ಹುಳ. ನಿಜವಾದ ಹುಳ ಅಲ್ಲ, ಮೆತ್ತನೆ ಪ್ಲಾಸ್ಟಿಕ್‌ನಲ್ಲಿ ನಾನೇ ಮನೇಲಿ ಎರಕ ಹೊಯ್ದು ಮಾಡಿದ್ದು. ಅವತ್ತಿಂದ ಇನ್‌ಬಾಕ್ಸ್ ತುಂಬಾ ಒಂದೇ ಪ್ರಶ್ನೆ: "ಹೆಂಗ್ ಮಾಡ್ದೆ ಗುರು, ಹೇಳ್ಕೊಡು."

ಹೇಳ್ಕೊಡ್ತೀನಿ. ಆದ್ರೆ ಆ ಆರರಲ್ಲಿ ಒಂದು ಹುಳ ಆಮೇಲೆ ಎಲ್ಲಿ ಸಿಕ್ತು ಅನ್ನೋದನ್ನೂ ಹೇಳಬೇಕು. ಅದು 7ನೇ ಭಾಗದಲ್ಲಿದೆ. ಅಲ್ಲಿಗೇ ಹಾರಬೇಡಿ, ಸಾಲಾಗಿ ಓದಿ.

ಕೆಂಚಾರ್ಲಹಳ್ಳಿ ಕಡೆಯವರಿಗೆ ಗೊತ್ತು. ನಾವು ಚಿಕ್ಕವರಿದ್ದಾಗ ಕೆರೆ ಅಂದ್ರೆ ಕ್ರಿಕೆಟ್ ಗ್ರೌಂಡ್. ಕೆರೆಯೊಳಗೆ ಜಾಲಿ ಮುಳ್ಳು, ನಡುವೆ ಪಿಚ್. 2021ರ ನವೆಂಬರ್‌ನಲ್ಲಿ ಆ ಮಳೆ ಬಂತಲ್ಲ, ಚಿಂತಾಮಣಿ, ಶಿಡ್ಲಘಟ್ಟ ಕಡೆ ಎಷ್ಟೋ ಕೆರೆ ಕೋಡಿ ಬಿತ್ತು. ನಮ್ಮ ವಯಸ್ಸಿನವರು ತುಂಬಿದ ಕೆರೆ ಸರಿಯಾಗಿ ನೋಡಿದ್ದೇ ಆಗ. ನೀರು ಬಂತು, ಮೀನು ಬಂತು, ಹಿಂದೆನೇ ಆನ್‌ಲೈನ್‌ನಲ್ಲಿ ತರಿಸಿದ ರಾಡು, ರೀಲು, ರಬ್ಬರ್ ಕಪ್ಪೆ ಎಲ್ಲಾ ಬಂತು.

ನಮ್ಮ ತಾತನ ಹತ್ರ ಇದ್ದಿದ್ದು ಬಿದಿರು ಕಡ್ಡಿ, ದಾರ, ಬೆಂಡು, ಒಂದು ಗಾಳ. ಎರೆಗೆ ಗೊಬ್ಬರದ ಗುಂಡಿ ಕೆದಕಿದ್ರೆ ಸಾಕು. ನಮ್ಮ ಭಾಷೆ ನೋಡಿ: ಗಾಳಕ್ಕೆ ಸಿಕ್ಕಿಸೋ ತಿಂಡಿ ಎರೆ, ಮಣ್ಣಲ್ಲಿರೋ ಹುಳ ಎರೆಹುಳ. ಅಷ್ಟು ಹಳೇ ಜೋಡಿ ಅದು. ಆ ಹುಳದ ಜಾಗಕ್ಕೆ ಪ್ಲಾಸ್ಟಿಕ್ ಹೇಗೆ ಬಂತು ಅನ್ನೋದೇ ಈ ಕಥೆ.

ಭಾಗ 2/8: ಗಾಳದ ಬಗ್ಗೆ ಬರೆದ ಚಕ್ರವರ್ತಿ

ಮೀನು ಹಿಡಿಯೋದು ಟೈಂಪಾಸ್ ಅಂತ ಮನೇಲಿ ಬೈದ್ರೆ ಈ ಭಾಗ ತೋರಿಸಿ.

ಕಲ್ಯಾಣ ಚಾಲುಕ್ಯರ ಮೂರನೇ ಸೋಮೇಶ್ವರ. ಆರನೇ ವಿಕ್ರಮಾದಿತ್ಯನ ಮಗ. ಆಳಿದ್ದು ಇವತ್ತಿನ ಬಸವಕಲ್ಯಾಣದಿಂದ. ಸುಮಾರು 1131ರ ಹೊತ್ತಿಗೆ ಸಂಸ್ಕೃತದಲ್ಲಿ ಒಂದು ದೊಡ್ಡ ಗ್ರಂಥ ಮಾಡಿದ, ಹೆಸರು ಮಾನಸೋಲ್ಲಾಸ. ರಾಜ್ಯ ಆಳೋದು, ಅಡುಗೆ, ಸಂಗೀತ, ಆನೆ, ಕುದುರೆ, ಆಟ, ಎಲ್ಲಾ ಇದೆ. ಅದರಲ್ಲಿ ಒಂದು ಅಧ್ಯಾಯ ಮತ್ಸ್ಯವಿನೋದ. ಅಂದ್ರೆ ಗಾಳ ಹಾಕಿ ಮೀನು ಹಿಡಿಯೋ ಆಟ. ಮೀನಿನ ಜಾತಿಗಳು, ಯಾವುದು ಎಲ್ಲಿರುತ್ತೆ, ಯಾವುದಕ್ಕೆ ಏನು ತಿನ್ನಿಸಬೇಕು, ಕೋಲು ಹೇಗಿರಬೇಕು, ದಾರ ಹೇಗಿರಬೇಕು ಅಂತ ವಿವರವಾಗಿ ಬರೆದಿದ್ದಾನೆ.

ಇಂಗ್ಲಿಷ್‌ನಲ್ಲಿ ಗಾಳದ ಬಗ್ಗೆ ಮೊದಲ ಪುಸ್ತಕ ಅಚ್ಚಾಗಿದ್ದು 1496ರಲ್ಲಿ. ನಮ್ಮವನು ಅದಕ್ಕಿಂತ 360 ವರ್ಷಕ್ಕೂ ಮುಂಚೆ ಬರೆದಿದ್ದ.

ಇನ್ನೊಂದು ಮಜಾ ಇದೆ. ಈ ಗ್ರಂಥದ ಇನ್ನೊಂದು ಹೆಸರು ಅಭಿಲಷಿತಾರ್ಥ ಚಿಂತಾಮಣಿ. ಹೌದು, ನಮ್ಮ ತಾಲ್ಲೂಕಿನ ಹೆಸರೇ, ಆದ್ರೆ ಸಂಬಂಧ ಏನಿಲ್ಲ. ಬೇಕಾದ್ದನ್ನೆಲ್ಲ ಕೊಡೋ ರತ್ನ ಅಂತ ಅದರ ಅರ್ಥ. ಈ ಹೆಸರಲ್ಲೇ ಅದರ ಮೊದಲ ಭಾಗ ಮೈಸೂರಲ್ಲಿ ಆರ್. ಶಾಮಶಾಸ್ತ್ರಿಗಳ ಸಂಪಾದನೆಯಲ್ಲಿ ಅಚ್ಚಾಯ್ತು, 1926ರಲ್ಲಿ. ಅರ್ಥಶಾಸ್ತ್ರದ ಹಸ್ತಪ್ರತಿಯನ್ನ ಬೆಳಕಿಗೆ ತಂದ ಅದೇ ಶಾಮಶಾಸ್ತ್ರಿಗಳು. ಈ 1926 ಅನ್ನೋ ಇಸವಿ ನೆನಪಿಟ್ಕೊಳ್ಳಿ, 5ನೇ ಭಾಗದಲ್ಲಿ ಮತ್ತೆ ಬರುತ್ತೆ.

ಭಾಗ 3/8: ಮಂಗಳೂರಲ್ಲಿ ಅಚ್ಚಾದ ಪುಸ್ತಕ, ಕಬಿನಿಯ ಮೀನು

ಈಗ ಬ್ರಿಟಿಷರ ಕಾಲಕ್ಕೆ ಬನ್ನಿ. ಹೆನ್ರಿ ಸಲಿವನ್ ಥಾಮಸ್ ಅಂತ ಒಬ್ಬ ಅಧಿಕಾರಿ, ದಕ್ಷಿಣ ಕನ್ನಡದಲ್ಲಿ ಕಲೆಕ್ಟರ್ ಕೆಲಸ ಮಾಡಿದವನು. ಗಾಳದ ಹುಚ್ಚು. 1873ರಲ್ಲಿ 'ದ ರಾಡ್ ಇನ್ ಇಂಡಿಯಾ' ಅಂತ ಪುಸ್ತಕ ತಂದ, ಮಂಗಳೂರಿಂದ. ಭಾರತದಲ್ಲಿ ಗಾಳ ಹಾಕೋ ಇಂಗ್ಲಿಷರಿಗೆ ಅದು ಗೈಡ್ ಇದ್ದ ಹಾಗೆ. ಅದರಲ್ಲಿ ಹೀರೋ ಯಾರು ಅಂದ್ರೆ ಮಹಶೀರ್, ನಮ್ಮ ಕಾವೇರಿ ಕಡೆ ಬಿಳಿಮೀನು ಅಂತಾರೆ.

ಕಾವೇರಿ ಮಹಶೀರ್ ಸಣ್ಣ ಮೀನಲ್ಲ. 1919ರಲ್ಲಿ ಮರೆ ಐನ್ಸ್ಲಿ ಅನ್ನೋವ್ರು ಕಾವೇರಿಯಲ್ಲಿ 119 ಪೌಂಡಿನದು ಹಿಡಿದರು. 1946ರಲ್ಲಿ ಮೈಸೂರಿನ ವ್ಯಾನ್ ಇಂಗನ್ ಮನೆತನದವರೊಬ್ಬರು ಕಬಿನಿಯಲ್ಲಿ 120 ಪೌಂಡಿನದು ಹಿಡಿದರು. ಸುಮಾರು 54 ಕೆಜಿ. ನಮ್ಮ ಕ್ಲಾಸಿನಲ್ಲಿ ಎಷ್ಟೋ ಜನ ಅದಕ್ಕಿಂತ ಕಡಿಮೆ ತೂಗ್ತಾರೆ. ವ್ಯಾನ್ ಇಂಗನ್ ಅಂದ್ರೆ ಗೊತ್ತಲ್ಲ, ರಾಜರು, ಶಿಕಾರಿಯವರು ಹೊಡೆದ ಹುಲಿ, ಚಿರತೆಗೆ ಒಳಗೆ ತುಂಬಿಸಿ ಬೊಂಬೆ ಥರ ನಿಲ್ಲಿಸಿಕೊಡ್ತಿದ್ದ ಮೈಸೂರಿನ ಕಂಪನಿ.

ಅವರ ಕಾಲದಲ್ಲಿ ನಕಲಿ ಎರೆ ಅಂದ್ರೆ ಲೋಹದ್ದು. ಚಮಚದ ಆಕಾರದ ತಗಡು, ನೀರಲ್ಲಿ ತಿರುಗ್ತಾ ಮಿಂಚುತ್ತೆ, ಮೀನು ಸಣ್ಣ ಮೀನು ಅಂದ್ಕೊಂಡು ಬಾಯಿ ಹಾಕುತ್ತೆ. ಕಳೆದುಹೋದ್ರೆ ದುಡ್ಡು ಹೋಯ್ತು ಅಂತ ಹೊಟ್ಟೆ ಉರಿಯುತ್ತೆ. ಅದಕ್ಕೇ ಜೋಪಾನ ಮಾಡ್ತಿದ್ರು.

ಭಾಗ 4/8: ರಾಗಿ ಉಂಡೆ ಮತ್ತು ಒಂದು ಲೆಕ್ಕದ ಪುಸ್ತಕ

1978ರಲ್ಲಿ ಇಂಗ್ಲೆಂಡಿನ ಕೆಲವು ಹುಡುಗರು ಕಾವೇರಿಗೆ ಬಂದು ಮಹಶೀರ್ ಹಿಡಿದರು. ಆಮೇಲೆ ಪ್ರಪಂಚದ ಗಾಳದವರೆಲ್ಲ ಈ ಕಡೆ ತಿರುಗಿದರು. ಭೀಮೇಶ್ವರಿ, ಗಾಳಿಬೋರೆ, ದೊಡ್ಡಮಕ್ಕಳಿ ಕ್ಯಾಂಪುಗಳು ಹೆಸರು ಮಾಡಿದವು. ಹಿಡಿ, ತೂಕ ನೋಡು, ಮತ್ತೆ ನೀರಿಗೆ ಬಿಡು, ಅದೇ ನಿಯಮ.

ಇಷ್ಟು ದೂರದಿಂದ ಬಂದವರು ಗಾಳಕ್ಕೆ ಏನು ಸಿಕ್ಕಿಸ್ತಿದ್ರು ಗೊತ್ತಾ? ರಾಗಿ ಮುದ್ದೆ! ರಾಗಿ ಹಿಟ್ಟು ಗಟ್ಟಿ ಕಲಸಿ, ಉಂಡೆ ಕಟ್ಟಿ, ಬೇಯಿಸಿ, ಗಾಳದ ಸುತ್ತ ಅಮುಕೋದು. ನಮ್ಮೂರ ಊಟಕ್ಕೆ ಇದಕ್ಕಿಂತ ದೊಡ್ಡ ಸರ್ಟಿಫಿಕೇಟ್ ಬೇಕಾ?

ಆದ್ರೆ ಈ ಕ್ಯಾಂಪಿನ ನಿಜವಾದ ಆಸ್ತಿ ಬೇರೆ. ಗಾಳಿಬೋರೆಯಲ್ಲಿ 1998ರಿಂದ 2012ರವರೆಗೆ ಹಿಡಿದ ಮೀನುಗಳ ಲೆಕ್ಕ ಬರೆದಿಟ್ಟಿದ್ದರು. ನಾವು ಬಿಕಾಂನವರು ಓದೋ ಡೇಬುಕ್ ಇದ್ದ ಹಾಗೆ. ಆಮೇಲೆ ವಿಜ್ಞಾನಿಗಳು ಆ ಲೆಕ್ಕ ತೆಗೆದು ನೋಡಿದರೆ, ಮೇಲ್ನೋಟಕ್ಕೆ ಮೀನು ಜಾಸ್ತಿ ಆಗಿದೆ. ಒಳಗೆ ನೋಡಿದರೆ ಜಾಸ್ತಿ ಆಗಿರೋದು ಹೊರಗಿಂದ ಮರಿ ತಂದು ಬಿಟ್ಟ ನೀಲಿ ರೆಕ್ಕೆಯ ಮಹಶೀರ್. ಕಾವೇರಿಯದೇ ಆದ ಗೂನುಬೆನ್ನಿನ ಮಹಶೀರ್ ವರ್ಷದಿಂದ ವರ್ಷಕ್ಕೆ ಕಡಿಮೆ. ಸಿಕ್ಕವೂ ದೊಡ್ಡ ಮೀನುಗಳೇ, ಮರಿಗಳೇ ಬರ್ತಿಲ್ಲ. ಟೋಟಲ್ ಚೆನ್ನಾಗಿದೆ, ಅಕೌಂಟ್ ಮುಳುಗ್ತಿದೆ.

2018ರಲ್ಲಿ ಆ ಗೂನುಬೆನ್ನಿನ ಮೀನಿಗೆ ಟಾರ್ ರೆಮದೇವಿ ಅನ್ನೋ ವೈಜ್ಞಾನಿಕ ಹೆಸರು ಖಚಿತ ಆಯ್ತು. ಅದೇ ವರ್ಷ ಅಳಿವಿನ ಅಂಚಿನಲ್ಲಿರೋ ಪಟ್ಟಿಗೂ ಸೇರ್ತು. ಯಾರೋ ದಿನಾ ಬರೆದಿಟ್ಟಿದ್ದಕ್ಕೆ ಇಷ್ಟಾದರೂ ಗೊತ್ತಾಯ್ತು.

ಭಾಗ 5/8: 1926, ಆಕ್ರನ್

ಈಗ ಪ್ಲಾಸ್ಟಿಕ್ ಕಥೆ. ಅಮೆರಿಕದ ಓಹಾಯೋ ರಾಜ್ಯದಲ್ಲಿ ಆಕ್ರನ್ ಅಂತ ಊರು. ಟೈರ್ ಕಾರ್ಖಾನೆಗಳ ಊರು. ಅಲ್ಲಿನ ಗುಡ್‌ರಿಚ್ ಕಂಪನಿಯಲ್ಲಿ ವಾಲ್ಡೋ ಸೀಮನ್ ಅನ್ನೋ ಕೆಮಿಸ್ಟ್ ಇದ್ದ. ರಬ್ಬರನ್ನ ಲೋಹಕ್ಕೆ ಅಂಟಿಸೋ ಗೋಂದು ಹುಡುಕೋದು ಅವನ ಕೆಲಸ.

ಪಿವಿಸಿ ಅನ್ನೋ ವಸ್ತು ಆಗಲೇ ಗೊತ್ತಿತ್ತು. 1872ರಲ್ಲೇ ಜರ್ಮನಿಯ ಬೌಮನ್ ಅದನ್ನ ಗಮನಿಸಿದ್ದ. ಆದ್ರೆ ಗಟ್ಟಿ, ಪುಡಿಪುಡಿ, ಯಾರಿಗೂ ಬೇಡ. ಸೀಮನ್ 1926ರಲ್ಲಿ ಅದನ್ನ ಬೇಗ ಆವಿಯಾಗದ ದ್ರವದಲ್ಲಿ ಹಾಕಿ ಕಾಯಿಸಿದ. ಗೋಂದು ಸಿಗಲಿಲ್ಲ. ಸಿಕ್ಕಿದ್ದು ಬಗ್ಗೋ, ಪುಟಿಯೋ, ನೀರು ಕುಡಿಯದ ಹೊಸ ಪದಾರ್ಥ. ರೇನ್‌ಕೋಟು, ವೈರಿನ ಮೇಲಿನ ಕವರು, ಚಪ್ಪಲಿ, ಎಲ್ಲಕ್ಕೂ ಅದೇ ಮೂಲ.

ವಿಷಯ ಸರಳ. ಪಿವಿಸಿ ಗಟ್ಟಿ. ಅದರ ಜೊತೆ ಎಣ್ಣೆ ಥರದ ಒಂದು ದ್ರವ ಸೇರಿಸಿದರೆ ಮೆತ್ತಗಾಗುತ್ತೆ. ಆ ದ್ರವಕ್ಕೆ ಪ್ಲಾಸ್ಟಿಸೈಜರ್ ಅಂತಾರೆ. ಜಾಸ್ತಿ ಸೇರಿಸಿದಷ್ಟೂ ಮೆತ್ತಗೆ. ಪಿವಿಸಿ ಪುಡಿಯನ್ನ ಈ ದ್ರವದಲ್ಲಿ ಕಲಸಿಟ್ಟರೆ ಹಾಲಿನ ಥರ ಕಾಣುತ್ತೆ, ಅದು ಪ್ಲಾಸ್ಟಿಸಾಲ್. ಸುಮಾರು 175 ಡಿಗ್ರಿಗೆ ಕಾಯಿಸಿದರೆ ಹಾಲು ಹೋಗಿ ಪಾರದರ್ಶಕ ಪಾಕ ಆಗುತ್ತೆ, ಆರಿದರೆ ಜೆಲ್ಲಿ ಥರ ನಿಲ್ಲುತ್ತೆ.

ಒಂದೇ ವರ್ಷ, 1926. ಮೈಸೂರಲ್ಲಿ ಸೋಮೇಶ್ವರನ ಗ್ರಂಥ ಅಚ್ಚಾಗ್ತಿದೆ, ಆಕ್ರನ್‌ನಲ್ಲಿ ಮುಂದೆ ಹುಳ ಆಗೋ ಪ್ಲಾಸ್ಟಿಕ್ ಹುಟ್ಟುತ್ತಿದೆ. ಒಬ್ಬರ ಸುದ್ದಿ ಇನ್ನೊಬ್ಬರಿಗೆ ಇಲ್ಲ.

ಭಾಗ 6/8: ನಿಕ್ ಮತ್ತು ಕಾಸ್ಮಾ ಅಡುಗೆಮನೆ

ಅದೇ ಆಕ್ರನ್. 1949. ನಿಕ್ ಕ್ರೀಮ್ ಅನ್ನೋವ್ರಿಗೆ ಗಾಳದ ಹುಚ್ಚು. ರಬ್ಬರ್ ಹುಳಗಳು ಅದಕ್ಕಿಂತ ಮುಂಚೆನೂ ಇದ್ದವು, ಆದ್ರೆ ಬಿರುಸು. ಮೀನು ಕಚ್ಚಿದ ತಕ್ಷಣ ಉಗುಳ್ತಿತ್ತು. ನಿಕ್ ಮತ್ತು ಅವರ ಹೆಂಡತಿ ಕಾಸ್ಮಾ ನಿಜವಾದ ಎರೆಹುಳದ ಅಚ್ಚು ತೆಗೆದು, ಮನೆಯ ಒಲೆ ಮೇಲೆ ವಿನೈಲ್, ಎಣ್ಣೆ, ಬಣ್ಣ ಕಾಯಿಸಿ ಆ ಅಚ್ಚಿಗೆ ಹೊಯ್ದರು. ಬಂದಿದ್ದು ಬಳುಕೋ ಹುಳ. ನೀರಲ್ಲಿ ಅದು ಅಲುಗಾಡೋ ರೀತಿನೇ ಬೇರೆ. ಮೀನು ಬಾಯಲ್ಲಿಟ್ಟುಕೊಂಡೇ ಇರುತ್ತೆ.

1951ರ ಹೊತ್ತಿಗೆ ಅಂಚೆಯಲ್ಲಿ ಮಾರೋಕೆ ಶುರು ಮಾಡಿದರು, ಒಂದು ಡಾಲರ್‌ಗೆ 5 ಹುಳ. ಬಿಸಿನೆಸ್ ಬೆಳೆದು ಆಮೇಲೆ ಟೆಕ್ಸಾಸ್‌ನ ಟೈಲರ್ ಊರಿಗೆ ಹೋಯ್ತು. ಇವತ್ತು ನೀವು ಆನ್‌ಲೈನ್‌ನಲ್ಲಿ ತರಿಸೋ ಮೆತ್ತನೆ ಹುಳ, ಹಲ್ಲಿ, ಬಾಲ ಅಲ್ಲಾಡಿಸೋ ಮೀನು, ಎಲ್ಲದರ ತವರು ಆ ಒಲೆ.

ನಮ್ಮ ಸಬ್ಜೆಕ್ಟ್ ಕಣ್ಣಿಂದ ನೋಡಿ. ಬಂಡವಾಳ ಕಮ್ಮಿ. ಕಚ್ಚಾ ಮಾಲು ಅದೇ ಊರಿನ ಕಾರ್ಖಾನೆಗಳಲ್ಲಿ ಹುಟ್ಟಿದ್ದು. ಅದೂ ಅಲ್ಲದೆ, ಒಂದು ಹುಳ ಹರಿದರೆ ಗಿರಾಕಿ ಇನ್ನೊಂದು ಕೊಳ್ಳಲೇಬೇಕು. ಲೋಹದ ಚಮಚ ವರ್ಷಗಟ್ಟಲೆ ಬರ್ತಿತ್ತು, ಹುಳ ಎರಡು ಮೀನಿಗೆ ಹರಿಯುತ್ತೆ. ಅಗ್ಗ ಆಗಿದ್ದಕ್ಕೆ ಯಾರೂ ಜೋಪಾನ ಮಾಡಲ್ಲ. ಹರಿದಿದ್ದು ನೀರಿಗೆ. ಅದರ ಖರ್ಚು ಯಾರ ಲೆಕ್ಕದಲ್ಲೂ ಬರಲ್ಲ.

2009ರಲ್ಲಿ ಅಮೆರಿಕದ ಸಂಶೋಧಕರು ಟ್ರೌಟ್ ಮೀನುಗಳ ಮುಂದೆ ಈ ಹುಳ ಹಾಕಿ ನೋಡಿದರು. ಎಷ್ಟೋ ಮೀನು ತಾವಾಗೇ ನುಂಗಿದವು. ನುಂಗಿದವು ತೂಕ ಕಳ್ಕೊಂಡವು. 2013ರಲ್ಲಿ ಮೇಯ್ನ್ ರಾಜ್ಯದಲ್ಲಿ ಇದನ್ನ ನಿಷೇಧ ಮಾಡೋ ಮಸೂದೆನೂ ಬಂತು, ಆದ್ರೆ ನಿಷೇಧ ಆಗಲಿಲ್ಲ.

ಭಾಗ 7/8: ನನ್ನ ಆರು ಹುಳ

ಮೊದಲ ಸಲ ನಾನು ಮಾಡಿದ್ದು ಶುದ್ಧ ದಡ್ಡತನ. ಹಳೇ ಪ್ಲಾಸ್ಟಿಕ್ ಬೂಟು ತುಂಡು ಮಾಡಿ ಡಬ್ಬದಲ್ಲಿ ಹಾಕಿ ಸೌದೆ ಒಲೆ ಮೇಲಿಟ್ಟೆ. ಕರಗಲಿಲ್ಲ, ಸುಟ್ಟಿತು. ಪಿವಿಸಿ ಅತಿಯಾಗಿ ಕಾದ್ರೆ ಹೈಡ್ರೋಜನ್ ಕ್ಲೋರೈಡ್ ಅನಿಲ ಬಿಡುತ್ತೆ, ತೇವ ತಾಗಿದ ಕಡೆ ಅದು ಆಸಿಡ್. ಕಣ್ಣು, ಗಂಟಲು ಎರಡು ದಿನ ಉರೀತು. ಅಮ್ಮ ಬೈದಿದ್ದು ಇಲ್ಲಿ ಬರೆಯೋ ಹಾಗಿಲ್ಲ. ದಯವಿಟ್ಟು ಚಪ್ಪಲಿ, ಬೂಟು, ಪೈಪು ಕರಗಿಸೋಕೆ ಹೋಗಬೇಡಿ.

ಎರಡನೇ ಸಲ ಪ್ಲಾಸ್ಟಿಸಾಲ್ ಬಾಟಲಿ ತರಿಸಿದೆ. ಪಿಒಪಿಯಲ್ಲಿ ಅಚ್ಚು ಮಾಡಿ, ಚೆನ್ನಾಗಿ ಒಣಗಿಸಿ ಬಣ್ಣ ಬಳಿದೆ. ಅಚ್ಚಲ್ಲಿ ತೇವ ಇದ್ದರೆ ಬಿಸಿ ಪಾಕ ಮುಖಕ್ಕೆ ಸಿಡಿಯುತ್ತೆ. ಬಯಲಲ್ಲಿ, ಅಡುಗೆಗೆ ಮತ್ತೆ ಬಳಸದ ಪಾತ್ರೆಯಲ್ಲಿ, ನಿಧಾನ ಉರಿಯಲ್ಲಿ ಕಾಯಿಸಿದೆ. ಹಸಿರು ಬಣ್ಣ, ಜೊತೆಗೆ ತಂಗಿಯ ಚಾರ್ಟ್ ಕೆಲಸದ ಚಿನ್ನದ ಮಿಂಚಿನ ಪುಡಿ. ಆರು ಹುಳ ಬಂತು. ಫೋಟೋ ಹಾಕಿದೆ. ಕೆರೆಗೆ ಹೋದೆ. ಕೊರಮೀನು ಎರಡು ಸಲ ಎಳೀತು, ಎರಡೂ ಸಲ ಹುಳ ಕಿತ್ಕೊಂಡು ಹೋಯ್ತು. ನಕ್ಕು ಮನೆಗೆ ಬಂದೆ.

ಮೂರು ವಾರ ಆಯ್ತು. ಕೆರೆಯಲ್ಲಿ ಬಲೆ ಹಾಕಿದ್ದರು, ಅತ್ತೆ ಏರಿ ಹತ್ರನೇ ಒಂದು ಕೊರಮೀನು ತಗೊಂಡು ಬಂದ್ರು. ಹಿತ್ತಲಲ್ಲಿ ಹೊಟ್ಟೆ ಸೀಳ್ತಾ ಕೂಗಿದ್ರು: "ಏನೋ ಇದು, ಬಾ ಇಲ್ಲಿ." ಬೂದಿ ಮೇಲೆ ಹಸಿರು ಹುಳ. ಉಬ್ಬಿ ಹೆಬ್ಬೆಟ್ಟಿನಷ್ಟು ದಪ್ಪ ಆಗಿತ್ತು. ಮಿಂಚಿನ ಪುಡಿ ಇನ್ನೂ ಹೊಳೀತಿತ್ತು. ಆ ಬಣ್ಣದ ಹುಳ ಊರಲ್ಲಿ ಬೇರೆ ಯಾರ ಹತ್ರನೂ ಇರಲಿಲ್ಲ.

ಮೀನು ತೆಳ್ಳಗಿತ್ತು. ತಲೆ ಮಾತ್ರ ದೊಡ್ಡದು. ಅತ್ತೆ ಏನೂ ಬೈಲಿಲ್ಲ. ಆ ಮೀನನ್ನ ಸಾರಿಗೂ ಹಾಕಲಿಲ್ಲ.

ಇನ್ನೊಂದು ಹುಳ ಇನ್ನೂ ಕೆರೆಯಲ್ಲೇ ಇದೆ.

ಭಾಗ 8/8: ಹಾಗಾದ್ರೆ ಏನ್ ಮಾಡೋದು

ಗಾಳ ಬಿಟ್ಟುಬಿಡಿ ಅಂತ ಹೇಳಲ್ಲ. ನಾನೂ ಬಿಟ್ಟಿಲ್ಲ. ನಾನೀಗ ಮಾಡ್ತಿರೋದು ಇಷ್ಟು.

ಒಂದು, ಗೆಂಡೆ, ರೋಹು, ಕಾಟ್ಲಾ ಹಿಡಿಯೋಕೆ ಪ್ಲಾಸ್ಟಿಕ್ ಬೇಡವೇ ಬೇಡ. ರಾಗಿ ಉಂಡೆ, ಎರೆಹುಳ ಸಾಕು. ಮೀನು ತಿಂದ್ರೂ ಕರಗುತ್ತೆ, ಬಿದ್ರೂ ಕರಗುತ್ತೆ.

ಎರಡು, ಕೊರಮೀನಿಗೆ ಹಿಟ್ಟು ನಡೆಯಲ್ಲ, ಅದು ಬೇಟೆಗಾರ. ಅದಕ್ಕೆ ನಕಲಿ ಎರೆ ಹಾಕೋದಾದ್ರೆ ಗಾಳಕ್ಕೆ ಗಟ್ಟಿ ದಾರದಲ್ಲಿ ಸುತ್ತಿ ಕಟ್ಟಿ, ಸುಮ್ನೆ ಚುಚ್ಚಿ ಬಿಡಬೇಡಿ. ಹರಿದಿದ್ದನ್ನ ಜೇಬಿಗೆ ಹಾಕ್ಕೊಳ್ಳಿ. ಹರಿದ ಹುಳಗಳನ್ನ ಮತ್ತೆ ಕರಗಿಸಿ ಹೊಸದು ಹೊಯ್ಯಬಹುದು.

ಮೂರು, ಲೆಕ್ಕ. ಗಾಳಿಬೋರೆಯವರ ಥರ ನಾನೂ ಒಂದು ನೋಟ್‌ಬುಕ್ ಇಟ್ಟಿದ್ದೀನಿ. ಹೋಗುವಾಗ ಎಷ್ಟು ಹುಳ, ಬರುವಾಗ ಎಷ್ಟು, ಯಾವ ಮೀನು, ಎಷ್ಟು ತೂಕ. ಓಪನಿಂಗ್ ಬ್ಯಾಲೆನ್ಸ್, ಕ್ಲೋಸಿಂಗ್ ಬ್ಯಾಲೆನ್ಸ್. ಮೊದಲ ಪುಟದಲ್ಲಿ ಬರೆದಿರೋದು: ತಗೊಂಡು ಹೋಗಿದ್ದು 6, ವಾಪಸ್ ಬಂದಿದ್ದು 4, ಅತ್ತೆ ಕೊಟ್ಟಿದ್ದು 1, ಬಾಕಿ 1.

ನಾಲ್ಕು, ಕೆರೆ ಮೀನು ಗುತ್ತಿಗೆ ಹಿಡಿದಿರೋರನ್ನ ಕೇಳದೆ ಗಾಳ ಹಾಕಬೇಡಿ. ಮರಿ ಬಿಟ್ಟು ದುಡ್ಡು ಹಾಕಿರೋದು ಅವರು.

ಈಗ ನಿಮ್ಮ ಸರದಿ. ನಿಮ್ಮ ತಾತ, ಮಾವ, ಅಪ್ಪ ಯಾವ ಎರೆ ಹಾಕ್ತಿದ್ರು? ಇವತ್ತೇ ಮನೇಲಿ ಕೇಳಿ, ಕಾಮೆಂಟ್‌ನಲ್ಲಿ ಬರೀರಿ. ಎಲ್ಲಾ ಸೇರಿಸಿ ಇನ್ನೊಂದು ಸೀರೀಸ್ ಮಾಡ್ತೀನಿ. ಯಾರಿಗಾದ್ರೂ ಕೆರೆಯಲ್ಲಿ ಚಿನ್ನದ ಮಿಂಚು ಇರೋ ಹಸಿರು ಹುಳ ಸಿಕ್ಕಿದ್ರೆ ಅದು ನಂದು, ವಾಪಸ್ ಕೊಡಿ.

#ಕೆಂಚಾರ್ಲಹಳ್ಳಿ #ಚಿಂತಾಮಣಿ #ಗಾಳ #ನಮ್ಮಕೆರೆ #ಇತಿಹಾಸ