ಸಿದ್ಧ ಗೇಮಿಂಗ್ ಕಂಪ್ಯೂಟರ್

ಸಿದ್ಧ ಗೇಮಿಂಗ್ ಕಂಪ್ಯೂಟರ್ ಎಂದರೆ ಹೆಚ್ಚಿನ ಚಿತ್ರಣ ಸಾಮರ್ಥ್ಯವನ್ನು ಬೇಡುವ ವಿಡಿಯೊ ಆಟಗಳಿಗಾಗಿ, ಎಲ್ಲ ಬಿಡಿಭಾಗಗಳನ್ನು ತಯಾರಕರೇ ಜೋಡಿಸಿ, ಪರೀಕ್ಷಿಸಿ, ನೇರ ಬಳಕೆಗೆ ಒದಗುವಂತೆ ಮಾರುವ ಮೇಜಿನ ಕಂಪ್ಯೂಟರ್. ಕರ್ನಾಟಕದ ಅಂಗಡಿಗಳಲ್ಲಿ ಇಂತಹ ಯಂತ್ರವನ್ನು ‘ಬ್ರಾಂಡೆಡ್’ ಎಂದೂ, ಬಿಡಿಭಾಗಗಳನ್ನು ಆಯ್ದು ಜೋಡಿಸಿದ್ದನ್ನು ‘ಅಸೆಂಬಲ್ಡ್’ ಎಂದೂ ಕರೆಯುವುದು ರೂಢಿ. ಸಮಾನ ಸಾಮರ್ಥ್ಯದ ಎರಡು ಯಂತ್ರಗಳಲ್ಲಿ ಮೊದಲನೆಯದರ ಬೆಲೆ ಸಾಮಾನ್ಯವಾಗಿ ಹೆಚ್ಚು. ಆ ಹೆಚ್ಚುವರಿ ಹಣ ಸಾರ್ಥಕವೇ ಎಂಬ ಪ್ರಶ್ನೆಗೆ ಉತ್ತರ ಯಂತ್ರದ ವೇಗಕ್ಕಿಂತ ಮಿಗಿಲಾಗಿ, ಅದು ಕೆಟ್ಟಾಗ ಹೊಣೆ ಹೊರುವವರು ಯಾರು, ಅವರು ಎಷ್ಟು ದೂರದಲ್ಲಿದ್ದಾರೆ ಎಂಬುದನ್ನು ಅವಲಂಬಿಸಿದೆ. ಮಂಗಳೂರಿನ ಪಣಂಬೂರಿನಂತಹ ಕಡಲ ಬದಿಯ ಊರುಗಳಲ್ಲಿ ಈ ಅಂಶಕ್ಕೆ ವಿಶೇಷ ಮಹತ್ವವಿದೆ.

## ಹಿನ್ನೆಲೆ

1981ರಲ್ಲಿ ಐಬಿಎಂ ಸಂಸ್ಥೆಯು ತನ್ನ ಪರ್ಸನಲ್ ಕಂಪ್ಯೂಟರನ್ನು ಬಹುಮಟ್ಟಿಗೆ ಮಾರುಕಟ್ಟೆಯಲ್ಲಿ ದೊರೆಯುತ್ತಿದ್ದ ಬಿಡಿಭಾಗಗಳಿಂದಲೇ ರೂಪಿಸಿತು. ಬೇರೆ ತಯಾರಕರ ಭಾಗಗಳೂ ಅದಕ್ಕೆ ಹೊಂದಿಕೊಳ್ಳುವಂತಾದುದರಿಂದ ಸ್ವತಃ ಯಂತ್ರವನ್ನು ಜೋಡಿಸಿಕೊಳ್ಳುವ ಪದ್ಧತಿ ಬೆಳೆಯಿತು. 1995ರಲ್ಲಿ ಇಂಟೆಲ್ ಪ್ರಕಟಿಸಿದ ಎಟಿಎಕ್ಸ್ ಮಾನದಂಡವು ಮದರ್‌ಬೋರ್ಡ್, ಕ್ಯಾಬಿನೆಟ್ ಮತ್ತು ಎಸ್‌ಎಂಪಿಎಸ್‌ಗಳ ಅಳತೆಗಳನ್ನು ಏಕರೂಪಗೊಳಿಸಿ ಈ ಪದ್ಧತಿಯನ್ನು ಇನ್ನಷ್ಟು ಸುಲಭಗೊಳಿಸಿತು.

ಆಟಗಳಿಗೆಂದೇ ಸಿದ್ಧ ಯಂತ್ರಗಳನ್ನು ಮಾರುವ ಸಂಸ್ಥೆಗಳು 1990ರ ದಶಕದಲ್ಲಿ ಅಮೆರಿಕದಲ್ಲಿ ಕಾಣಿಸಿಕೊಂಡವು. 1996ರಲ್ಲಿ ಆರಂಭವಾದ ಏಲಿಯನ್‌ವೇರ್ ಅವುಗಳಲ್ಲಿ ಪ್ರಸಿದ್ಧವಾದುದು. 2006ರಲ್ಲಿ ಡೆಲ್ ಅದನ್ನು ಖರೀದಿಸಿತು. ಅನಂತರ ಇತರ ದೊಡ್ಡ ಸಂಸ್ಥೆಗಳೂ ಈ ಕ್ಷೇತ್ರದಲ್ಲಿ ವಿಸ್ತರಿಸಿಕೊಂಡವು.

ಕರ್ನಾಟಕದಲ್ಲಿ ಬಿಡಿಭಾಗಗಳ ವ್ಯಾಪಾರಕ್ಕೆ ಬೆಂಗಳೂರಿನ ಸಾದರ ಪತ್ರಪ್ಪ ರಸ್ತೆ ಹೆಸರುವಾಸಿ. ‘ಎಸ್.ಪಿ. ರೋಡ್’ ಎಂದೇ ಜನಜನಿತವಾದ ಈ ಬೀದಿಯಲ್ಲಿ ಪ್ರೊಸೆಸರ್‌ನಿಂದ ತಿರುಪಿನವರೆಗೆ ಎಲ್ಲವೂ ದೊರೆಯುತ್ತದೆ. ಬೆಲೆಗಳನ್ನು ಅಂಗಡಿಯಿಂದ ಅಂಗಡಿಗೆ ಹೋಲಿಸಿ, ಅಲ್ಲಿಯೇ ಜೋಡಿಸಿಕೊಂಡು ಒಯ್ಯುವ ಅನುಕೂಲವೂ ಇದೆ.

## ಬೆಲೆಯ ಸ್ವರೂಪ

ಗೇಮಿಂಗ್ ಕಂಪ್ಯೂಟರಿನಲ್ಲಿ ಸಾಮಾನ್ಯವಾಗಿ ಅತ್ಯಂತ ದುಬಾರಿ ಭಾಗ ಗ್ರಾಫಿಕ್ಸ್ ಕಾರ್ಡ್. ಆಟದ ದೃಶ್ಯಗಳು ಎಷ್ಟು ಸ್ಪಷ್ಟವಾಗಿ, ಎಷ್ಟು ಸರಾಗವಾಗಿ ಮೂಡುತ್ತವೆ ಎಂಬುದನ್ನು ಮುಖ್ಯವಾಗಿ ನಿರ್ಧರಿಸುವುದು ಅದೇ. ಸಿದ್ಧ ಯಂತ್ರದ ಬೆಲೆಯಲ್ಲಿ ಬಿಡಿಭಾಗಗಳ ಮೌಲ್ಯದ ಜೊತೆಗೆ ಜೋಡಣೆಯ ಕೂಲಿ, ಪರೀಕ್ಷೆ, ವಿಂಡೋಸ್ ಪರವಾನಗಿ, ಖಾತರಿಯ ವೆಚ್ಚ, ಜಾಹೀರಾತು ಮತ್ತು ಲಾಭಾಂಶಗಳು ಸೇರಿರುತ್ತವೆ. ಇವುಗಳಲ್ಲಿ ಮೊದಲ ನಾಲ್ಕು ಗ್ರಾಹಕನಿಗೆ ನೇರವಾಗಿ ಉಪಯೋಗವಾಗುವಂಥವು. ಬಣ್ಣದ ದೀಪಗಳು, ಗಾಜಿನ ಬಾಗಿಲು ಮತ್ತು ಹೆಸರಿನ ಪ್ರತಿಷ್ಠೆಗಳಿಂದ ಆಟದ ವೇಗ ಹೆಚ್ಚುವುದಿಲ್ಲ.

ತೆರಿಗೆಯಿಂದ ಎರಡರ ನಡುವೆ ಹೆಚ್ಚಿನ ವ್ಯತ್ಯಾಸವಾಗದು. ಸಿದ್ಧ ಕಂಪ್ಯೂಟರ್‌ಗೂ ಅದರ ಪ್ರಮುಖ ಬಿಡಿಭಾಗಗಳಿಗೂ ಶೇ. 18ರಷ್ಟು ಜಿಎಸ್‌ಟಿ ಇದೆ. ಅಂದರೆ 1,00,000 ರೂಪಾಯಿ ಮೂಲ ಬೆಲೆಯ ಯಂತ್ರಕ್ಕೆ ಗ್ರಾಹಕ ತೆರುವುದು 1,18,000 ರೂಪಾಯಿ. ಬಿಲ್ಲಿಲ್ಲದೆ ಕೊಂಡರೆ ತೆರಿಗೆ ಉಳಿಯಿತೆಂಬ ಭಾವನೆ ಕೆಲವರಲ್ಲಿದೆ. ಆದರೆ ಬಿಲ್ಲಿಲ್ಲದ ಭಾಗಕ್ಕೆ ಖಾತರಿ ಕೇಳುವುದು ಕಷ್ಟವಾದುದರಿಂದ ಅದು ಉಳಿತಾಯವಾಗದೆ ಅಪಾಯವಾಗಿ ಪರಿಣಮಿಸುತ್ತದೆ.

ಸಿದ್ಧ ಯಂತ್ರ ಯಾವಾಗಲೂ ದುಬಾರಿ ಎಂಬ ಮಾತೂ ನಿಜವಲ್ಲ. 2020ರಿಂದ 2022ರ ಅವಧಿಯಲ್ಲಿ ಚಿಪ್‌ಗಳ ಕೊರತೆ ಮತ್ತು ಕ್ರಿಪ್ಟೊ ಕರೆನ್ಸಿ ಗಣಿಗಾರಿಕೆಯಿಂದಾಗಿ ಗ್ರಾಫಿಕ್ಸ್ ಕಾರ್ಡ್‌ಗಳು ನಿಗದಿತ ಬೆಲೆಗೆ ಸಿಗುವುದೇ ದುರ್ಲಭವಾಗಿತ್ತು. ಸಗಟಾಗಿ ಭಾಗಗಳನ್ನು ಪಡೆಯುತ್ತಿದ್ದ ತಯಾರಕರ ಸಿದ್ಧ ಯಂತ್ರಗಳು ಆಗ ಕೆಲವೊಮ್ಮೆ ಅಗ್ಗವಾಗಿ ದೊರೆತವು. ಆದ್ದರಿಂದ ಖರೀದಿಯ ದಿನದಂದು ಒಳಗಿನ ಪ್ರತಿಯೊಂದು ಭಾಗದ ಬಿಡಿಬೆಲೆಯನ್ನು ಕೂಡಿಸಿ ಹೋಲಿಸುವುದೇ ಸರಿಯಾದ ಕ್ರಮ.

## ಟೀಕೆಗಳು

ಸಿದ್ಧ ಯಂತ್ರಗಳ ಬಗ್ಗೆ ಸಾಮಾನ್ಯವಾಗಿ ಕೇಳಿಬರುವ ಆಕ್ಷೇಪಗಳು ಹೀಗಿವೆ:

* ಜಾಹೀರಾತಿನಲ್ಲಿ ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಕಾರ್ಡ್‌ಗಳ ಹೆಸರು ಎದ್ದುಕಾಣುತ್ತದೆ. ಎಸ್‌ಎಂಪಿಎಸ್, ಮದರ್‌ಬೋರ್ಡ್‌ಗಳ ವಿವರ ಮರೆಯಾಗಿರುತ್ತದೆ. ವೆಚ್ಚ ತಗ್ಗಿಸಲು ಇವುಗಳ ಗುಣಮಟ್ಟದಲ್ಲಿಯೇ ರಾಜಿ ಮಾಡಿಕೊಳ್ಳುವುದುಂಟು.
* ಎರಡು ರ್‍ಯಾಮ್ ಪಟ್ಟಿಗಳ ಬದಲು ಒಂದನ್ನೇ ಹಾಕಿದರೆ ಪ್ರೊಸೆಸರ್‌ಗೆ ದತ್ತಾಂಶ ತಲುಪುವ ದಾರಿ ಕಿರಿದಾಗಿ, ಹಲವು ಆಟಗಳಲ್ಲಿ ವೇಗ ಕುಂದುತ್ತದೆ.
* ಕೆಲವು ಸಂಸ್ಥೆಗಳು ತಮ್ಮದೇ ಅಳತೆಯ ಮದರ್‌ಬೋರ್ಡ್ ಮತ್ತು ಎಸ್‌ಎಂಪಿಎಸ್ ಬಳಸುತ್ತವೆ. ಅವು ಕೆಟ್ಟರೆ ಬದಲಿ ಭಾಗ ಸ್ಥಳೀಯ ಅಂಗಡಿಯಲ್ಲಿ ದೊರೆಯದು.
* ಗಾಳಿಯ ಹಾದಿ ಇಕ್ಕಟ್ಟಾದ ಕ್ಯಾಬಿನೆಟ್‌ಗಳಲ್ಲಿ ಶಾಖ ಹೆಚ್ಚಿ, ಯಂತ್ರವು ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ.

ಜೋಡಿಸಿಕೊಂಡ ಯಂತ್ರಕ್ಕೂ ದೋಷಗಳಿವೆ. ಯಾವ ಭಾಗದಲ್ಲಿ ತೊಂದರೆ ಇದೆಯೆಂದು ಬಳಕೆದಾರನೇ ಪತ್ತೆಹಚ್ಚಿ, ಆಯಾ ಸಂಸ್ಥೆಯ ಸೇವಾ ಕೇಂದ್ರಕ್ಕೆ ಪ್ರತ್ಯೇಕವಾಗಿ ಒಯ್ಯಬೇಕಾಗುತ್ತದೆ. ಜೋಡಿಸುವಾಗ ಆದ ತಪ್ಪಿಗೆ ಹೊಣೆಗಾರರು ಸಿಗುವುದಿಲ್ಲ.

## ಕರಾವಳಿಯ ಸಂದರ್ಭ

ಪಣಂಬೂರು ಮಂಗಳೂರು ನಗರ ಕೇಂದ್ರದಿಂದ ಸುಮಾರು 10 ಕಿ.ಮೀ. ಉತ್ತರಕ್ಕೆ, ರಾಷ್ಟ್ರೀಯ ಹೆದ್ದಾರಿ 66ರ ಮೇಲಿದೆ. 1974ರಲ್ಲಿ ಪ್ರಮುಖ ಬಂದರೆಂದು ಘೋಷಿತವಾದ ನವಮಂಗಳೂರು ಬಂದರು ಮತ್ತು ರಸಗೊಬ್ಬರ ಕಾರ್ಖಾನೆ ಇಲ್ಲಿವೆ. ಮಂಗಳೂರಿನಲ್ಲಿ ವರ್ಷಕ್ಕೆ ಸರಾಸರಿ 3,500 ಮಿ.ಮೀ.ಗಿಂತ ಹೆಚ್ಚು ಮಳೆಯಾಗುತ್ತದೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲಿ ಸುರಿಯುತ್ತದೆ.

ಕಡಲ ಗಾಳಿಯಲ್ಲಿ ಉಪ್ಪಿನ ಸೂಕ್ಷ್ಮ ಕಣಗಳಿರುತ್ತವೆ. ಅವು ತೇವವನ್ನು ಹೀರಿಕೊಂಡು ಲೋಹದ ಮೇಲೆ ತೆಳುವಾದ ಪದರವನ್ನು ಉಂಟುಮಾಡುತ್ತವೆ. ತಾಮ್ರಕ್ಕೆ ಕಿಲುಬು ಹಿಡಿಯುವುದಕ್ಕೂ ಕಬ್ಬಿಣಕ್ಕೆ ತುಕ್ಕು ಹಿಡಿಯುವುದಕ್ಕೂ ಇದು ಕಾರಣ. ಮದರ್‌ಬೋರ್ಡಿನ ತೆಳು ತಾಮ್ರದ ಗೆರೆಗಳು ಮತ್ತು ಜೋಡಣೆಯ ತುದಿಗಳು ಇದೇ ರೀತಿ ಹಾಳಾಗುತ್ತವೆ. ಗೇಮಿಂಗ್ ಕಂಪ್ಯೂಟರ್ ತನ್ನ ಶಾಖವನ್ನು ಹೊರಹಾಕಲು ಹಲವು ಫ್ಯಾನ್‌ಗಳ ಮೂಲಕ ಹೆಚ್ಚು ಗಾಳಿಯನ್ನು ಎಳೆದುಕೊಳ್ಳುವುದರಿಂದ ಉಪ್ಪು ಮತ್ತು ಧೂಳು ಅದರೊಳಗೆ ಹೆಚ್ಚು ಸೇರುತ್ತವೆ. ಮಳೆಗಾಲದಲ್ಲಿ ವಾರಗಟ್ಟಲೆ ಮುಚ್ಚಿಟ್ಟ ಯಂತ್ರಕ್ಕಿಂತ ದಿನವೂ ಸ್ವಲ್ಪ ಹೊತ್ತು ಓಡಿಸಿದ ಯಂತ್ರದ ಒಳಭಾಗ ಒಣಗಿರುತ್ತದೆ. ಧೂಳು ತೆಗೆಯುವುದು, ಗೋಡೆಯಿಂದ ದೂರ ಇರಿಸುವುದು ಮತ್ತು ಕಿಟಕಿಯ ಇರಚಲು ತಾಗದಂತೆ ನೋಡಿಕೊಳ್ಳುವುದು ಪ್ರಾಥಮಿಕ ರಕ್ಷಣೆಗಳು.

ಮುಂಗಾರಿಗೆ ಮೊದಲು ಏಪ್ರಿಲ್–ಮೇ ತಿಂಗಳುಗಳಲ್ಲಿಯೂ, ಅನಂತರ ಅಕ್ಟೋಬರ್–ನವೆಂಬರ್‌ನಲ್ಲಿಯೂ ದಕ್ಷಿಣ ಕನ್ನಡದಲ್ಲಿ ಸಿಡಿಲು ಮಳೆ ಸಾಮಾನ್ಯ. ಸರಿಯಾದ ಅರ್ಥಿಂಗ್ ಮತ್ತು ಯುಪಿಎಸ್ ಇರುವುದು ಅಗತ್ಯ. ಗುಡುಗು ಆರಂಭವಾಗುವ ಮೊದಲೇ ವಿದ್ಯುತ್ ಮತ್ತು ಇಂಟರ್ನೆಟ್ ತಂತಿಗಳೆರಡನ್ನೂ ಕಳಚುವುದು ಸುರಕ್ಷಿತ.

ಬೆಂಗಳೂರು ಇಲ್ಲಿಂದ ಸುಮಾರು 350 ಕಿ.ಮೀ. ದೂರದಲ್ಲಿದೆ. ಅಲ್ಲಿ ಜೋಡಿಸಿದ ಯಂತ್ರವನ್ನು ಘಾಟಿಯ ದಾರಿಯಲ್ಲಿ ತರುವಾಗ, ಭಾರವಾದ ಗ್ರಾಫಿಕ್ಸ್ ಕಾರ್ಡ್ ಕುಲುಕಾಟಕ್ಕೆ ಮದರ್‌ಬೋರ್ಡಿನ ಸ್ಲಾಟನ್ನು ಮುರಿಯುವ ಸಂಭವವಿದೆ. ಅದನ್ನು ಕಳಚಿ ಬೇರೆಯಾಗಿ ತರುವುದು ಲೇಸು.

## ಖಾತರಿ ಮತ್ತು ಗ್ರಾಹಕರ ಹಕ್ಕು

ಖಾತರಿಯಲ್ಲಿ ಮನೆಗೆ ಬಂದು ದುರಸ್ತಿ ಮಾಡುವುದು, ಗ್ರಾಹಕನೇ ಕೇಂದ್ರಕ್ಕೆ ಒಯ್ಯುವುದು ಎಂಬ ಎರಡು ಬಗೆಗಳಿವೆ. ಮೊದಲನೆಯದು ಮಂಗಳೂರಿನಲ್ಲಿಯೂ ಲಭ್ಯವಿದೆಯೇ ಎಂಬುದನ್ನು ಪಿನ್‌ಕೋಡ್ ತಿಳಿಸಿ ಮುಂಚಿತವಾಗಿಯೇ ಲಿಖಿತ ರೂಪದಲ್ಲಿ ಪಡೆಯಬೇಕಾಗುತ್ತದೆ. ಅನೇಕ ಖಾತರಿಪತ್ರಗಳು ನೀರು, ತುಕ್ಕು, ಸಿಡಿಲು ಮತ್ತು ವಿದ್ಯುತ್ ಏರಿಳಿತದಿಂದಾದ ಹಾನಿಯನ್ನು ಹೊರಗಿಡುತ್ತವೆ. ಕರಾವಳಿಯಲ್ಲಿ ಯಂತ್ರಕ್ಕೆ ಎದುರಾಗುವ ಅಪಾಯಗಳಲ್ಲಿ ಮುಖ್ಯವಾದವು ಇವೇ ಆಗಿರುವುದರಿಂದ, ದುಬಾರಿ ಯಂತ್ರದ ಹೆಚ್ಚುವರಿ ಬೆಲೆಯು ಈ ಹಾನಿಗಳಿಗೆ ರಕ್ಷಣೆಯನ್ನು ನೀಡದಿರಬಹುದು. ಆಕಸ್ಮಿಕ ಹಾನಿಯ ರಕ್ಷಣೆಯನ್ನು ಪ್ರತ್ಯೇಕವಾಗಿ ಮಾರುವ ಸಂಸ್ಥೆಗಳಿದ್ದು, ಅದರ ಷರತ್ತುಗಳನ್ನೂ ಓದಬೇಕಾಗುತ್ತದೆ.

ಭಾರತದಲ್ಲಿ 2020ರ ಜುಲೈನಿಂದ ಜಾರಿಯಲ್ಲಿರುವ ಗ್ರಾಹಕ ಸಂರಕ್ಷಣಾ ಅಧಿನಿಯಮ, 2019ರ ಪ್ರಕಾರ, ಗ್ರಾಹಕನು ತಾನು ವಾಸಿಸುವ ಜಿಲ್ಲೆಯ ಆಯೋಗದಲ್ಲಿಯೇ ದೂರು ಸಲ್ಲಿಸಬಹುದು. ಬೇರೆ ಊರಿನಿಂದ ಅಥವಾ ಆನ್‌ಲೈನ್‌ನಲ್ಲಿ ಕೊಂಡಿದ್ದರೂ ಈ ಹಕ್ಕು ಇದೆ. ದೂರಿಗೆ ಕಾರಣ ಉಂಟಾದ ದಿನದಿಂದ ಎರಡು ವರ್ಷಗಳ ಕಾಲಮಿತಿ ಇರುತ್ತದೆ.

## ಮೌಲ್ಯಮಾಪನ

ಯಂತ್ರದ ಒಳಗನ್ನು ಅರಿಯಲು ಸಮಯವಿಲ್ಲದವರಿಗೆ, ಒಂದೇ ಕಡೆ ಹೊಣೆ ಬಯಸುವವರಿಗೆ ಮತ್ತು ಸ್ವಂತ ಊರಿನಲ್ಲಿ ಸೇವೆ ಲಭ್ಯವಿರುವವರಿಗೆ ಸಿದ್ಧ ಯಂತ್ರದ ಮಿತವಾದ ಹೆಚ್ಚುವರಿ ಬೆಲೆ ಸಮರ್ಥನೀಯ. ಸೇವೆ ದೂರದಲ್ಲಿದ್ದು, ಭಾಗಗಳು ಸಂಸ್ಥೆಯದೇ ಅಳತೆಯವಾಗಿದ್ದರೆ ಆ ಹಣಕ್ಕೆ ತಕ್ಕ ಪ್ರತಿಫಲ ಕಡಿಮೆ. ಅಂತಹ ಸಂದರ್ಭದಲ್ಲಿ ಸ್ಥಳೀಯ ನಂಬಿಕಸ್ತ ಅಂಗಡಿಯಲ್ಲಿ ಬಿಲ್ಲಿನೊಂದಿಗೆ ಜೋಡಿಸಿಕೊಂಡ, ಸಾಮಾನ್ಯ ಅಳತೆಯ ಭಾಗಗಳುಳ್ಳ ಯಂತ್ರ ಹೆಚ್ಚು ಬಾಳುವ ಆಯ್ಕೆ. ಉಳಿದ ಹಣದಲ್ಲಿ ಉತ್ತಮ ಎಸ್‌ಎಂಪಿಎಸ್ ಮತ್ತು ಯುಪಿಎಸ್ ಕೊಳ್ಳಬಹುದು. ವಿಡಿಯೊ ಸಂಕಲನ, ತ್ರಿಮಿತಿ ವಿನ್ಯಾಸ ಮೊದಲಾದ ಅಧ್ಯಯನಗಳಿಗೂ ಗ್ರಾಫಿಕ್ಸ್ ಕಾರ್ಡ್ ನೆರವಾಗುವುದರಿಂದ, ಕುಟುಂಬವೊಂದು ಈ ವೆಚ್ಚವನ್ನು ಆಟದ ಖರ್ಚೆಂದು ಮಾತ್ರ ಎಣಿಸಬೇಕಾಗಿಲ್ಲ. ಆದರೆ ಹಾಸ್ಟೆಲಿನಲ್ಲಿದ್ದು ಓದುವ ವಿದ್ಯಾರ್ಥಿಗೆ ಹೊತ್ತೊಯ್ಯಬಹುದಾದ ಲ್ಯಾಪ್‌ಟಾಪ್ ಹೆಚ್ಚು ಅನುಕೂಲಕರ.

## ಇವನ್ನೂ ನೋಡಿ

* ಗ್ರಾಫಿಕ್ಸ್ ಕಾರ್ಡ್
* ಮದರ್‌ಬೋರ್ಡ್
* ಪಣಂಬೂರು
* ನವಮಂಗಳೂರು ಬಂದರು